ತೆಳುಪದರಗಳ ಅತಿವಾಹಕತೆ ಮತ್ತು ಸಂಧಿತಲದ ಪರಮಾಣು ರಚನೆ

ಒಂದು ಹರಳಿನ ಮೇಲೆ ಬೇರೊಂದು ವಸ್ತುವಿನ ತೆಳುಪದರವನ್ನು ಬೆಳೆಸಿದಾಗ ಅವೆರಡೂ ಕೂಡುವ ತಲವೇ ಸಂಧಿತಲ, ಅಂದರೆ ಇಂಟರ್‌ಫೇಸ್. ತೆಳುಪದರ ಅತಿವಾಹಕವಾಗುತ್ತದೆಯೇ, ಆಗುವುದಾದರೆ ಯಾವ ತಾಪದಲ್ಲಿ, ಎಷ್ಟು ವಿದ್ಯುತ್ ಪ್ರವಾಹವನ್ನು ರೋಧವಿಲ್ಲದೆ ಹೊರಬಲ್ಲದು ಎಂಬುದನ್ನೆಲ್ಲ ಈ ತಲದಲ್ಲಿ ಯಾವ ಪರಮಾಣು ಯಾವ ಜಾಗದಲ್ಲಿ ಕೂತಿದೆ ಎಂಬುದು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಗಟ್ಟಿ ರೂಪದಲ್ಲಿ 8 ಕೆಲ್ವಿನ್ ಸುಮಾರಿಗೆ ಅತಿವಾಹಕವಾಗುವ ಕಬ್ಬಿಣದ ಸೆಲೆನೈಡ್, ಸ್ಟ್ರಾನ್ಷಿಯಂ ಟೈಟನೇಟ್ ಹರಳಿನ ಮೇಲೆ ಒಂದೇ ಪದರವಾಗಿ ಕೂತಾಗ 65 ಕೆಲ್ವಿನ್ ಹತ್ತಿರದವರೆಗೂ ಅತಿವಾಹಕತೆಯ ಲಕ್ಷಣಗಳನ್ನು ತೋರುತ್ತದೆ. ವಿದ್ಯುತ್ತನ್ನೇ ಹರಿಯಗೊಡದ ಎರಡು ಆಕ್ಸೈಡುಗಳು ಕೂಡಿದ ತಲದಲ್ಲಿ ಅತಿವಾಹಕ ಪದರ ಹುಟ್ಟುತ್ತದೆ. ಇಂಥ ಗುಣ ಮೇಲಿನ ವಸ್ತುವಿನದೂ ಅಲ್ಲ, ಕೆಳಗಿನದೂ ಅಲ್ಲ. ಹಾಗಾಗಿ ತನ್ನದೇ ರಚನೆ, ತನ್ನದೇ ಎಲೆಕ್ಟ್ರಾನ್ ಲೆಕ್ಕ ಇರುವ ಮೂರನೆಯ ವಸ್ತುವೆಂದೇ ಸಂಧಿತಲವನ್ನು ಎಣಿಸಬೇಕಾಗುತ್ತದೆ. ಈ ಲೇಖನ ಆ ದೃಷ್ಟಿಯಿಂದ ಕ್ಷೇತ್ರದ ಮುಖ್ಯ ಫಲಿತಾಂಶಗಳನ್ನು ಪರಿಶೀಲಿಸುತ್ತದೆ.

ಹಿನ್ನೆಲೆ

1911ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅವರು ಪಾದರಸವನ್ನು ದ್ರವ ಹೀಲಿಯಂನಿಂದ ತಣಿಸಿದಾಗ, 4.2 ಕೆಲ್ವಿನ್ ಸುಮಾರಿಗೆ ಅದರ ವಿದ್ಯುತ್ ರೋಧ ಅಳತೆಗೆ ಸಿಗದಷ್ಟು ಕುಸಿಯಿತು. ಹೀಗೆ ರೋಧ ಅಳಿಯುವ ತಾಪಕ್ಕೆ ಸಂಕ್ರಮಣ ತಾಪ ಎಂದು ಹೆಸರು. ಇದರ ಕಾರಣವನ್ನು ಜಾನ್ ಬಾರ್ಡೀನ್, ಲಿಯೋನ್ ಕೂಪರ್ ಮತ್ತು ರಾಬರ್ಟ್ ಶ್ರೀಫರ್ 1957ರಲ್ಲಿ ವಿವರಿಸಿದರು. ಎಲೆಕ್ಟ್ರಾನೊಂದು ಹಾದುಹೋಗುವಾಗ ಸುತ್ತಲಿನ ಧನ ಅಯಾನುಗಳು ಅದರತ್ತ ತುಸು ವಾಲುತ್ತವೆ. ಆ ವಾಲಿಕೆ ಮತ್ತೊಂದು ಎಲೆಕ್ಟ್ರಾನನ್ನು ಸೆಳೆಯುತ್ತದೆ. ಜಾಲಕದ ಕಂಪನಗಳ, ಅಂದರೆ ಫೋನಾನುಗಳ ಮಧ್ಯಸ್ಥಿಕೆಯಲ್ಲಿ ಹೀಗೆ ಕೂಡಿದ ಎರಡೆರಡು ಎಲೆಕ್ಟ್ರಾನುಗಳೇ ಕೂಪರ್ ಜೋಡಿಗಳು. ಎಲ್ಲ ಜೋಡಿಗಳೂ ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಒಂದೇ ಲಯದಲ್ಲಿ ಸಾಗುವುದರಿಂದ ಪ್ರವಾಹ ತಡೆಯಿಲ್ಲದೆ ಹರಿಯುತ್ತದೆ.

ಜೋಡಿಯ ಎರಡು ಎಲೆಕ್ಟ್ರಾನುಗಳ ನಡುವಣ ಸರಾಸರಿ ಅಂತರದ ಅಳತೆಗೆ ಸಂಸಕ್ತಿ ದೂರ ಎನ್ನುತ್ತಾರೆ. ಶುದ್ಧ ಅಲ್ಯೂಮಿನಿಯಂನಲ್ಲಿ ಅದು ಸುಮಾರು 1600 ನ್ಯಾನೋಮೀಟರ್, ನಯೋಬಿಯಂನಲ್ಲಿ ಸುಮಾರು 40 ನ್ಯಾನೋಮೀಟರ್. 1986ರಲ್ಲಿ ಐಬಿಎಂ ಸಂಸ್ಥೆಯ ಜ್ಯೂರಿಕ್ ಪ್ರಯೋಗಾಲಯದಲ್ಲಿ ಗೇಯಾರ್ಗ್ ಬೆಡ್ನಾರ್ಜ್ ಮತ್ತು ಅಲೆಕ್ಸ್ ಮ್ಯುಲರ್ ಬೆಳಕಿಗೆ ತಂದ ತಾಮ್ರದ ಆಕ್ಸೈಡುಗಳ ಕುಟುಂಬದಲ್ಲಿ ಇದು ಪದರದ ಉದ್ದಕ್ಕೆ ಒಂದೆರಡು ನ್ಯಾನೋಮೀಟರ್ ಮಾತ್ರ. ಪದರಕ್ಕೆ ಲಂಬವಾಗಿ ಇನ್ನೂ ಕಡಿಮೆ, ಒಂದು ಪರಮಾಣು ಪದರದ ಎತ್ತರದ ಆಸುಪಾಸು. ದೊಡ್ಡ ಜೋಡಿಗಳು ಸಣ್ಣಪುಟ್ಟ ದೋಷಗಳನ್ನು ಲೆಕ್ಕಿಸದೆ ದಾಟಿಹೋಗುತ್ತವೆ. ಪರಮಾಣುಗಳಷ್ಟೇ ಅಳತೆಯ ಜೋಡಿಗಳಿಗೆ ಒಂದು ಅಯಾನು ಜಾಗ ತಪ್ಪಿದರೂ ಅದು ಅಡ್ಡಿಯೇ. ಅಧಿಕ ತಾಪದ ಅತಿವಾಹಕಗಳಲ್ಲಿ ಸಂಧಿತಲದ ಸೂಕ್ಷ್ಮ ರಚನೆಗೆ ಇಷ್ಟು ಮಹತ್ವ ಬಂದದ್ದು ಇದರಿಂದಲೇ.

ಪರಮಾಣುಗಳ ಜೋಡಣೆ ಬದಲಾದರೆ ಅತಿವಾಹಕತೆ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಬಿಸ್ಮತ್ ಹಳೆಯ ಸಾಕ್ಷಿ. 1954ರಲ್ಲಿ ಜರ್ಮನಿಯ ವರ್ನರ್ ಬುಕೆಲ್ ಮತ್ತು ರುಡಾಲ್ಫ್ ಹಿಲ್ಷ್ ಬಿಸ್ಮತ್ ಆವಿಯನ್ನು ಅತಿಶೀತಲ ಮೇಲ್ಮೈ ಮೇಲೆ ಕೂರಿಸಿ, ಹರಳುಗಟ್ಟಲು ಬಿಡದೆ, ಅಸ್ಫಟಿಕ ತೆಳುಪದರವಾಗಿಸಿದರು. ಅದು 6 ಕೆಲ್ವಿನ್ ಸುಮಾರಿಗೆ ಅತಿವಾಹಕವಾಯಿತು. ಕ್ರಮಬದ್ಧ ಹರಳಿನ ಬಿಸ್ಮತ್ ಅತಿವಾಹಕವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಆರು ದಶಕಗಳ ಮೇಲೆ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ: 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರ ಸಂಕ್ರಮಣ ತಾಪ 0.53 ಮಿಲಿಕೆಲ್ವಿನ್. ಅದೇ ಧಾತು, ಜೋಡಣೆ ಮಾತ್ರ ಬೇರೆ. ತಾಪದಲ್ಲಿ ಹತ್ತು ಸಾವಿರ ಪಟ್ಟು ಮೀರಿದ ಅಂತರ.

ಅತಿವಾಹಕತೆ ವಸ್ತುವಿನ ಒಡಲಿನಲ್ಲೇ ಇರಬೇಕೆಂದಿಲ್ಲ, ಮೇಲ್ಮೈಗೇ ಸೀಮಿತವಾಗಿಯೂ ಇರಬಹುದು ಎಂಬ ಸೈದ್ಧಾಂತಿಕ ಸೂಚನೆಯನ್ನು ರಷ್ಯಾದ ವಿಟಾಲಿ ಗಿಂಜ್‌ಬರ್ಗ್ 1964ರಲ್ಲೇ ಕೊಟ್ಟಿದ್ದರು. ಅದನ್ನು ಪರೀಕ್ಷಿಸಬಲ್ಲಷ್ಟು ಶುದ್ಧವಾದ ಸಂಧಿತಲಗಳನ್ನು ಕಟ್ಟುವ ಕೌಶಲ ಬರಲು ಮಾತ್ರ ಹಲವು ದಶಕಗಳು ಬೇಕಾದವು.

ಎರಡು ಆಯಾಮದ ತೊಡಕು

ಪದರ ತೆಳುವಾದಷ್ಟೂ ಅತಿವಾಹಕತೆಗೆ ಎದುರಾಳಿಗಳು ಹೆಚ್ಚುತ್ತವೆ. ಎರಡು ಆಯಾಮದಲ್ಲಿ ಉಷ್ಣದ ಏರಿಳಿತಗಳು ಜೋಡಿಗಳ ಲಯವನ್ನು ಕೆಡಿಸುತ್ತವೆ. ಅಲ್ಲಿ ಪ್ರವಾಹದ ಸುಳಿಗಳು ತಾವಾಗಿ ಹುಟ್ಟುತ್ತವೆ. ತಾಪ ಸಾಕಷ್ಟು ಇಳಿದಾಗ ಎದುರುಬದುರು ದಿಕ್ಕಿನ ಸುಳಿಗಳು ಜೋಡಿಯಾಗಿ ಕಟ್ಟಿಕೊಳ್ಳುತ್ತವೆ, ಆಗ ಮಾತ್ರ ರೋಧ ಪೂರ್ತಿ ಅಳಿಯುತ್ತದೆ. ವಾಡಿಂ ಬೆರೆಜಿನ್‌ಸ್ಕಿ, ಮೈಕೆಲ್ ಕಾಸ್ಟರ್ಲಿಟ್ಸ್ ಮತ್ತು ಡೇವಿಡ್ ಥೌಲೆಸ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ಚಿತ್ರ, ಒಂದೇ ಪದರದ ಅತಿವಾಹಕಗಳ ಅಳತೆಗಳನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಆಧಾರ.

ಎರಡನೆಯ ಎದುರಾಳಿ ಅಕ್ರಮ, ಅಂದರೆ ಪರಮಾಣುಗಳ ಜೋಡಣೆಯಲ್ಲಿನ ಅಸ್ತವ್ಯಸ್ತತೆ. ಎರಡು ಆಯಾಮದಲ್ಲಿ ಅಕ್ರಮ ಎಷ್ಟೇ ಸಣ್ಣದಿದ್ದರೂ, ಪರಸ್ಪರ ಪ್ರಭಾವ ಬೀರದ ಎಲೆಕ್ಟ್ರಾನುಗಳು ಕೊನೆಗೆ ಕಟ್ಟುಬಿದ್ದು ನಿಲ್ಲುತ್ತವೆ ಎಂಬ ಪ್ರಸಿದ್ಧ ನಿರ್ಣಯ 1979ರದು. ಅದನ್ನು ಬರೆದ ನಾಲ್ವರಲ್ಲಿ ಫಿಲಿಪ್ ಆಂಡರ್ಸನ್ ಜೊತೆ ಟಿ. ವಿ. ರಾಮಕೃಷ್ಣನ್ ಕೂಡ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1989ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಅಲೆನ್ ಗೋಲ್ಡ್‌ಮನ್ ತಂಡ ಬಿಸ್ಮತ್ ಪದರದ ದಪ್ಪವನ್ನು ಅತಿ ಸಣ್ಣ ಹೆಜ್ಜೆಗಳಲ್ಲಿ ಹೆಚ್ಚಿಸುತ್ತ ಹೋಯಿತು. ತೀರ ತೆಳುವಾಗಿದ್ದಾಗ ಅವಾಹಕವಾಗಿದ್ದ ಪದರ, ಸುಮಾರು 6.45 ಕಿಲೋಓಮ್ ರೋಧದ ಸುತ್ತಮುತ್ತ ದಿಕ್ಕು ಬದಲಿಸಿ ಅತಿವಾಹಕವಾಯಿತು. ಎಲೆಕ್ಟ್ರಾನ್ ಜೋಡಿಯ ಆವೇಶ ಮತ್ತು ಪ್ಲಾಂಕ್ ಸ್ಥಿರಾಂಕದಿಂದ ಸಿಗುವ ಸಂಖ್ಯೆಯದು. ಟಾಟಾ ಸಂಸ್ಥೆಯಲ್ಲಿ ನಯೋಬಿಯಂ ನೈಟ್ರೈಡ್ ತೆಳುಪದರಗಳ ಮೇಲೆ ನಡೆದ ಅಧ್ಯಯನಗಳು, ಅಕ್ರಮ ಮಿತಿಮೀರಿದಾಗ ಜೋಡಿಗಳು ಉಳಿದಿದ್ದರೂ ಅವುಗಳ ಲಯ ಮುರಿಯುತ್ತದೆ ಎಂಬುದನ್ನು ತೋರಿಸಿವೆ. ಸಂಧಿತಲ ತೆಳುಪದರಕ್ಕೆ ಬಲ ಕೊಡುವಷ್ಟೇ ಸುಲಭವಾಗಿ ಅಕ್ರಮವನ್ನೂ ತರಬಲ್ಲದು. ಹಾಗಾಗಿ ಈ ಎರಡು ಪರಿಣಾಮಗಳನ್ನು ಒಟ್ಟಿಗೇ ತೂಗಬೇಕು.

ಪ್ರಭಾವದ ದಾರಿಗಳು

ಸಂಧಿತಲ ಅತಿವಾಹಕತೆಯನ್ನು ಮುಟ್ಟುವ ದಾರಿಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಆವೇಶದ ವರ್ಗಾವಣೆ. ಎರಡು ವಸ್ತುಗಳ ಎಲೆಕ್ಟ್ರಾನ್ ಶಕ್ತಿಮಟ್ಟಗಳು ಹೊಂದದಿದ್ದಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಹರಿಯುತ್ತವೆ; ಹೊರಗಿನ ಕಲಬೆರಕೆ ಇಲ್ಲದೆಯೇ ಪದರದ ವಾಹಕಗಳ ಸಂಖ್ಯೆ ಬದಲಾಗುತ್ತದೆ, ಅಂದರೆ ಪದರ ಡೋಪ್ ಆಗುತ್ತದೆ. ಎರಡನೆಯದು ಎಳೆತ: ಆಧಾರ ಹರಳಿನ ಪರಮಾಣು ಅಂತರಕ್ಕೆ ತನ್ನನ್ನು ಹೊಂದಿಸಿಕೊಳ್ಳಲು ತೆಳುಪದರ ಹಿಗ್ಗಬೇಕು ಇಲ್ಲವೆ ಕುಗ್ಗಬೇಕು. ಮೂರನೆಯದು ಕಂಪನ. ಆಧಾರ ಹರಳಿನ ಫೋನಾನುಗಳ ವಿದ್ಯುತ್ ಕ್ಷೇತ್ರ ಸಂಧಿತಲವನ್ನು ದಾಟಿ, ಪದರದ ಎಲೆಕ್ಟ್ರಾನುಗಳನ್ನು ಜೋಡಿಸಲು ನೆರವಾಗಬಹುದು. ನಾಲ್ಕನೆಯದು ಸೀಮಿತತೆ: ಕೆಲವೇ ಪರಮಾಣು ದಪ್ಪದಲ್ಲಿ ಬಂಧಿಯಾದ ಎಲೆಕ್ಟ್ರಾನುಗಳ ಅಲೆಗಳು ನಿರ್ದಿಷ್ಟ ಮಟ್ಟಗಳಿಗೆ ಇಳಿಯುತ್ತವೆ. ಐದನೆಯದು ಮೇಲೆ ಹೇಳಿದ ಅಕ್ರಮ: ಮೆಟ್ಟಿಲುಗಳು, ಖಾಲಿ ಜಾಗಗಳು, ಅದಲುಬದಲಾದ ಅಯಾನುಗಳು.

ನೈಜ ಸಂಧಿತಲದಲ್ಲಿ ಇವು ಒಂದೊಂದಾಗಿ ಬರುವುದಿಲ್ಲ. ಎಳೆತ ಬದಲಾದರೆ ಆವೇಶವೂ ಬದಲಾಗುತ್ತದೆ, ಆಮ್ಲಜನಕದ ಒಂದು ಪರಮಾಣು ಖಾಲಿಯಾದರೆ ಎರಡೂ ಬದಲಾಗುತ್ತವೆ. ಈ ಕ್ಷೇತ್ರದ ಉತ್ತಮ ಪ್ರಯೋಗಗಳೆಲ್ಲ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಹಿಡಿದು ನಿಲ್ಲಿಸುವ ಪ್ರಯತ್ನಗಳು.

ಸಿಲಿಕಾನ್ ಮೇಲಣ ಲೋಹದ ಪದರಗಳು

ಸರಳ ಲೋಹಗಳಲ್ಲಿ ಸಂಧಿತಲದ ಪಾತ್ರ ಅತ್ಯಂತ ನಿಚ್ಚಳವಾಗಿ ಕಾಣುವುದು ಸೀಸದಲ್ಲಿ. ಗಟ್ಟಿ ಸೀಸದ ಸಂಕ್ರಮಣ ತಾಪ 7.2 ಕೆಲ್ವಿನ್. ಸಿಲಿಕಾನ್ ಹರಳಿನ ಮೇಲೆ ಒಂದೊಂದೇ ಪರಮಾಣು ಪದರವಾಗಿ ಬೆಳೆಸಿದಾಗ ಈ ತಾಪ ಪದರಗಳ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತದೆ ಎಂದು ಚೀನಾದ ತಂಡವೊಂದು 2004ರಲ್ಲಿ ತೋರಿಸಿತು. ಪದರದ ಮೇಲ್ಮೈ ಮತ್ತು ಸಂಧಿತಲಗಳ ನಡುವೆ ಎಲೆಕ್ಟ್ರಾನ್ ಅಲೆಗಳು ಸಿಕ್ಕಿಕೊಳ್ಳುವುದೇ ಕಾರಣ.

2009ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಎರಡೇ ಪರಮಾಣು ಪದರ ದಪ್ಪದ ಸೀಸವನ್ನು ಪರೀಕ್ಷಿಸಿದರು. ಸಿಲಿಕಾನ್ ಮೇಲೆ ಅದು ಎರಡು ಬಗೆಯ ಜೋಡಣೆಯಲ್ಲಿ ಕೂರುತ್ತದೆ. ದಪ್ಪ ಒಂದೇ, ಧಾತು ಒಂದೇ. ಒಂದು ಜೋಡಣೆ 4.9 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು, ಇನ್ನೊಂದು 3.65 ಕೆಲ್ವಿನ್‌ನಲ್ಲಿ. ಮರುವರ್ಷ ಒಂದೇ ಪರಮಾಣು ಪದರದ ಸೀಸ ಮತ್ತು ಇಂಡಿಯಂ ಕೂಡ ಅತಿವಾಹಕವೆಂದು ಗೊತ್ತಾಯಿತು: ಸೀಸದ ಎರಡು ಜೋಡಣೆಗಳಿಗೆ 1.83 ಮತ್ತು 1.52 ಕೆಲ್ವಿನ್, ಇಂಡಿಯಂಗೆ 3.18 ಕೆಲ್ವಿನ್. ಒಂದು ಪರಮಾಣು ದಪ್ಪದ ಲೋಹಕ್ಕೆ ಸಂಧಿತಲವೇ ಸರ್ವಸ್ವ. ಅದರ ಪರಮಾಣುಗಳು ಸಿಲಿಕಾನಿನೊಂದಿಗೆ ಬಂಧ ಬೆಸೆದುಕೊಂಡಿರುತ್ತವೆ.

ಜಪಾನಿನ ರಾಷ್ಟ್ರೀಯ ದ್ರವ್ಯವಿಜ್ಞಾನ ಸಂಸ್ಥೆಯಲ್ಲಿ ತಕಾಶಿ ಉಚಿಹಾಶಿ ತಂಡ ಇಂಥ ಇಂಡಿಯಂ ಪದರದಲ್ಲಿ ಪ್ರವಾಹ ಹರಿಸಿ, 2011ರಲ್ಲಿ ರೋಧ ನಿಜವಾಗಿಯೂ ಶೂನ್ಯಕ್ಕಿಳಿಯುವುದನ್ನು ಅಳೆಯಿತು. ಸಿಲಿಕಾನ್ ಮೇಲ್ಮೈಯಲ್ಲಿ ಒಂದು ಪರಮಾಣು ಪದರದಷ್ಟು ಎತ್ತರದ ಮೆಟ್ಟಿಲುಗಳಿರುತ್ತವೆ. ಮೆಟ್ಟಿಲಿನ ಅಂಚಿನಲ್ಲಿ ಇಂಡಿಯಂ ಪದರ ತುಂಡಾಗುತ್ತದೆ, ಆದರೂ ಅತಿವಾಹಕ ಪ್ರವಾಹ ಅದನ್ನು ದಾಟುತ್ತದೆ. ಮುಂದೆ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಂತಕ್ಷೇತ್ರದ ಸುಳಿಗಳು ಆ ಅಂಚುಗಳಲ್ಲಿ ಹೋಗಿ ನೆಲೆನಿಂತಿದ್ದವು. ಬಯಲಿನಲ್ಲಿರುವ ಸುಳಿ ದುಂಡಗಿದ್ದರೆ, ಮೆಟ್ಟಿಲಿನಲ್ಲಿ ಸಿಕ್ಕಿದ ಸುಳಿ ಅಂಚಿನ ಉದ್ದಕ್ಕೆ ಚಾಚಿಕೊಂಡಿತ್ತು. ಅದರ ನಡುವೆಯೂ ಅತಿವಾಹಕತೆ ಪೂರ್ತಿ ಅಳಿದಿರಲಿಲ್ಲ. ಎರಡು ಅತಿವಾಹಕಗಳನ್ನು ದುರ್ಬಲ ಕೊಂಡಿಯೊಂದು ಬೆಸೆಯುವ ಜೋಸೆಫ್ಸನ್ ಸಂಧಿಯ ಸ್ಪಷ್ಟ ಗುರುತು ಇದು. ಒಂದೇ ಪರಮಾಣು ಎತ್ತರದ ಮೆಟ್ಟಿಲು ಪೂರ್ಣಪ್ರಮಾಣದ ವಿದ್ಯುತ್ ಸಾಧನದಂತೆ ವರ್ತಿಸುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗಗಳು ವಿರಳ.

ಎರಡು ಅವಾಹಕಗಳ ನಡುವೆ

2004ರಲ್ಲಿ ಅಕಿರಾ ಒಹ್ಟೊಮೊ ಮತ್ತು ಹೆರಾಲ್ಡ್ ಹ್ವಾಂಗ್, ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಲ್ಯಾಂಥನಂ ಅಲ್ಯೂಮಿನೇಟ್ ಬೆಳೆಸಿದಾಗ ಸಂಧಿತಲದಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದನ್ನು ಪ್ರಕಟಿಸಿದರು. ಎರಡೂ ಒಳ್ಳೆಯ ಅವಾಹಕಗಳು. ವಾಹಕತೆ ಕಂಡದ್ದು ಕೆಳಗಿನ ಹರಳು ಟೈಟಾನಿಯಂ ಆಕ್ಸೈಡ್ ಪದರದಲ್ಲಿ ಮುಗಿದಿದ್ದರೆ ಮಾತ್ರ. ಅದು ಸ್ಟ್ರಾನ್ಷಿಯಂ ಆಕ್ಸೈಡ್ ಪದರದಲ್ಲಿ ಮುಗಿದಿದ್ದರೆ ಸಂಧಿತಲ ಅವಾಹಕವಾಗಿಯೇ ಉಳಿಯಿತು. ಒಂದೇ ಒಂದು ಪರಮಾಣು ಪದರ ಫಲಿತಾಂಶವನ್ನು ತಿರುಗಿಸಿಬಿಟ್ಟಿತು.

ಇದಕ್ಕೆ ಕೊಡುವ ವಿವರಣೆ ಹೀಗಿದೆ. ಸ್ಟ್ರಾನ್ಷಿಯಂ ಟೈಟನೇಟಿನ ಪದರಗಳು ವಿದ್ಯುದಾವೇಶದ ದೃಷ್ಟಿಯಿಂದ ತಟಸ್ಥ. ಲ್ಯಾಂಥನಂ ಅಲ್ಯೂಮಿನೇಟಿನಲ್ಲಿ ಧನ, ಋಣ ಪದರಗಳು ಒಂದರ ಮೇಲೊಂದು ಬರುತ್ತವೆ. ಹೀಗಾಗಿ ಪದರ ಏರಿದಷ್ಟೂ ಅದರೊಳಗಿನ ವಿದ್ಯುತ್ ವಿಭವ ಏರುತ್ತ ಹೋಗುತ್ತದೆ. ಒಂದು ಹಂತದಲ್ಲಿ ಆ ಭಾರ ತಾಳಲಾರದೆ ಪ್ರತಿ ಏಕಕೋಶಕ್ಕೆ, ಅಂದರೆ ಹರಳಿನಲ್ಲಿ ಮರುಕಳಿಸುವ ಅತಿ ಸಣ್ಣ ಘಟಕಕ್ಕೆ, ಅರ್ಧ ಎಲೆಕ್ಟ್ರಾನಿನಷ್ಟು ಆವೇಶ ಸಂಧಿತಲಕ್ಕೆ ಇಳಿಯುತ್ತದೆ. ಲ್ಯಾಂಥನಂ ಅಲ್ಯೂಮಿನೇಟ್ ನಾಲ್ಕು ಏಕಕೋಶಗಳಷ್ಟು ದಪ್ಪವಾಗುವವರೆಗೆ ವಾಹಕತೆ ಬರುವುದಿಲ್ಲ ಎಂಬ 2006ರ ಶೋಧ ಈ ವಾದವನ್ನು ಬಲಪಡಿಸಿತು. ಆದರೆ ಅಳತೆಗೆ ಸಿಗುವ ಎಲೆಕ್ಟ್ರಾನ್ ಸಾಂದ್ರತೆ ಸಾಮಾನ್ಯವಾಗಿ ಈ ಲೆಕ್ಕಕ್ಕಿಂತ ಬಹಳ ಕಡಿಮೆ. ಆಮ್ಲಜನಕದ ಖಾಲಿ ಜಾಗಗಳು ಮತ್ತು ಸಂಧಿತಲದ ಆಚೀಚೆ ಅಯಾನುಗಳು ಬೆರೆತುಕೊಳ್ಳುವುದು ಕೂಡ ಪಾತ್ರ ವಹಿಸುತ್ತವೆ. ಅಸ್ಫಟಿಕ ಪದರ ಹಾಕಿದರೂ ಖಾಲಿ ಜಾಗಗಳಿಂದ ವಾಹಕತೆ ಬರುತ್ತದೆ ಎಂಬುದು ಇದಕ್ಕೆ ಪುರಾವೆ.

2007ರಲ್ಲಿ ಜಿನೀವಾ ಮತ್ತು ಆಗ್ಸ್‌ಬರ್ಗ್ ತಂಡಗಳು ಈ ಸಂಧಿತಲ 200 ಮಿಲಿಕೆಲ್ವಿನ್ ಸುಮಾರಿಗೆ ಅತಿವಾಹಕವಾಗುವುದನ್ನು ಕಂಡವು. ಅತಿವಾಹಕ ಪದರದ ದಪ್ಪ ಹತ್ತು ನ್ಯಾನೋಮೀಟರ್ ಆಸುಪಾಸು. ಮರುವರ್ಷ, ವಿದ್ಯುತ್ ಕ್ಷೇತ್ರ ಕೊಟ್ಟು ಎಲೆಕ್ಟ್ರಾನ್ ಸಾಂದ್ರತೆಯನ್ನು ಹೆಚ್ಚುಕಡಿಮೆ ಮಾಡುತ್ತ, ಇದೇ ಸಂಧಿತಲವನ್ನು ಅತಿವಾಹಕತೆಯಿಂದ ಅದರಾಚೆಗೂ, ಮರಳಿ ಅತಿವಾಹಕತೆಗೂ ತರಬಹುದೆಂದು ತೋರಿಸಲಾಯಿತು. 2011ರಲ್ಲಿ ಅತಿವಾಹಕತೆಯೂ ಕಾಂತತೆಯೂ ಇಲ್ಲಿ ಜೊತೆಗಿರುವ ಕುರುಹುಗಳು ಸಿಕ್ಕವು. ಸ್ಟ್ರಾನ್ಷಿಯಂ ಟೈಟನೇಟಿಗೆ ಕಲಬೆರಕೆ ಮಾಡಿದರೆ ಅದರ ಒಡಲೇ ಅತಿವಾಹಕವಾಗುತ್ತದೆಂದು 1964ರಿಂದಲೂ ಗೊತ್ತಿತ್ತು. ಸಂಧಿತಲ ಆ ಗುಣವನ್ನು ಒಂದು ತೆಳು ಪಟ್ಟಿಗೆ ತಂದು, ವಿದ್ಯುತ್ ಕ್ಷೇತ್ರದ ಹಿಡಿತಕ್ಕೆ ಕೊಟ್ಟಿತು.

ಹರಳಿನ ಮುಖವೇ ನಿರ್ಣಾಯಕ

ಪೊಟ್ಯಾಸಿಯಂ ಟ್ಯಾಂಟಲೇಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2021ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ತಂಡವು ಈ ಹರಳಿನ 111 ಮುಖದ (ಅಂಕೆಗಳು ಹರಳನ್ನು ಕತ್ತರಿಸಿದ ದಿಕ್ಕನ್ನು ಸೂಚಿಸುತ್ತವೆ) ಮೇಲೆ ಯುರೋಪಿಯಂ ಆಕ್ಸೈಡ್ ಅಥವಾ ಲ್ಯಾಂಥನಂ ಅಲ್ಯೂಮಿನೇಟ್ ಬೆಳೆಸಿ, ಸಂಧಿತಲ 2.2 ಕೆಲ್ವಿನ್‌ವರೆಗಿನ ತಾಪದಲ್ಲಿ ಅತಿವಾಹಕವಾಗುವುದನ್ನು ವರದಿ ಮಾಡಿತು. ಅದೇ ಹರಳನ್ನು 110 ಮುಖ ಕಾಣುವಂತೆ ಕತ್ತರಿಸಿದರೆ ಸಂಕ್ರಮಣ ತಾಪ 0.9 ಕೆಲ್ವಿನ್ ಹತ್ತಿರ. 001 ಮುಖದಲ್ಲಾದರೋ 25 ಮಿಲಿಕೆಲ್ವಿನ್‌ವರೆಗೆ ತಣಿಸಿದರೂ ಅತಿವಾಹಕತೆ ಕಾಣಲಿಲ್ಲ.

ವಸ್ತುಗಳು ಅವೇ ಇದ್ದು, ಸಂಧಿತಲದ ದಿಕ್ಕು ಮಾತ್ರ ಬದಲಾದಾಗ ಬಂದ ಈ ವ್ಯತ್ಯಾಸ, ಪರಮಾಣು ರಚನೆಯ ಪಾತ್ರಕ್ಕೆ ಸಿಕ್ಕಿರುವ ಅತ್ಯಂತ ಬಲವಾದ ಸಾಕ್ಷ್ಯಗಳಲ್ಲಿ ಒಂದು. 111 ಮುಖದಲ್ಲಿ ಟ್ಯಾಂಟಲಂ ಅಯಾನುಗಳು ತ್ರಿಕೋನಾಕಾರದ ವಿನ್ಯಾಸದಲ್ಲಿರುತ್ತವೆ. ಅಲ್ಲಿ ಮೂರು ಬಗೆಯ ಎಲೆಕ್ಟ್ರಾನ್ ಕಕ್ಷಕಗಳಿಗೂ ಸಮಾನ ಅವಕಾಶವಿದೆ, 001 ಮುಖದಲ್ಲಿ ಒಂದು ಬಗೆ ಉಳಿದವನ್ನು ಹಿಂದಿಕ್ಕುತ್ತದೆ. ಜಾಲಕದ ಒಂದು ಮೃದು ಕಂಪನ ಬೇರೆ ಬೇರೆ ಕಕ್ಷಕಗಳ ಎಲೆಕ್ಟ್ರಾನುಗಳನ್ನು ಬೆಸೆಯುತ್ತದೆ, ಹಾಗಾಗಿಯೇ ಮುಖದಿಂದ ಮುಖಕ್ಕೆ ಜೋಡಣೆಯ ಬಲ ಬದಲಾಗುತ್ತದೆ ಎಂಬುದು ಮುಂದಿಟ್ಟಿರುವ ಒಂದು ವಿವರಣೆ. ಭಾರತದಲ್ಲೂ ಟ್ಯಾಂಟಲೇಟ್ ಸಂಧಿತಲಗಳ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮೊಹಾಲಿಯ ನ್ಯಾನೋ ವಿಜ್ಞಾನ ಸಂಸ್ಥೆಗಳಲ್ಲಿ ಅವುಗಳ ವಾಹಕ ಪದರಗಳನ್ನು ಪರಿಶೀಲಿಸಲಾಗಿದೆ.

ತಾಮ್ರದ ಆಕ್ಸೈಡುಗಳು

ಎಳೆತದ ಪರಿಣಾಮಕ್ಕೆ ಶಾಸ್ತ್ರೀಯ ಉದಾಹರಣೆ 1998ರದು. ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಜ್ಯಾನ್-ಪಿಯೆರ್ ಲೋಕೆ ತಂಡ, ಸ್ಟ್ರಾನ್ಷಿಯಂ ಬೆರೆತ ಲ್ಯಾಂಥನಂ ತಾಮ್ರದ ಆಕ್ಸೈಡನ್ನು ತುಸು ಕಿರಿದಾದ ಜಾಲಕದ ಸ್ಟ್ರಾನ್ಷಿಯಂ ಲ್ಯಾಂಥನಂ ಅಲ್ಯೂಮಿನೇಟ್ ಮೇಲೆ ಬೆಳೆಸಿತು. ಪದರ ಅಡ್ಡಕ್ಕೆ ಕುಗ್ಗಿ ಎತ್ತರಕ್ಕೆ ಹಿಗ್ಗಿತು, ಸಂಕ್ರಮಣ ತಾಪ 25 ಕೆಲ್ವಿನ್‌ನಿಂದ 49 ಕೆಲ್ವಿನ್‌ಗೆ ಏರಿತು. ಹಿಗ್ಗಿಸುವ ಆಧಾರ ಹರಳಿನ ಮೇಲೆ ಅದೇ ಆಕ್ಸೈಡಿನ ತಾಪ ಕೆಳಗಿಳಿಯುತ್ತದೆ.

ಸಂಧಿತಲದ ಅತಿವಾಹಕತೆ ಎಷ್ಟು ತೆಳುವಾಗಿರಬಲ್ಲದು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಿಂದ. ಇವಾನ್ ಬೊಜೊವಿಚ್ ತಂಡ 2008ರಲ್ಲಿ ಲ್ಯಾಂಥನಂ ತಾಮ್ರದ ಆಕ್ಸೈಡಿನ ಎರಡು ಪದರಗಳನ್ನು ಜೋಡಿಸಿತು. ಒಂದು ಸ್ಟ್ರಾನ್ಷಿಯಂ ಅತಿಯಾಗಿ ಬೆರೆತು ಸಾಮಾನ್ಯ ಲೋಹವಾದ ಆಕ್ಸೈಡ್, ಇನ್ನೊಂದು ಏನೂ ಬೆರೆಯದ ಅವಾಹಕ ಆಕ್ಸೈಡ್. ಬಿಡಿಯಾಗಿ ಎರಡೂ ಅತಿವಾಹಕವಲ್ಲ. ಜೋಡಿಸಿದಾಗ ಸಂಕ್ರಮಣ ತಾಪ, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಅವಲಂಬಿಸಿ, 15 ಅಥವಾ 30 ಕೆಲ್ವಿನ್ ಹತ್ತಿರ ಬಂತು.

ಆ ಅತಿವಾಹಕತೆ ನಿಖರವಾಗಿ ಎಲ್ಲಿದೆ ಎಂದು ಹುಡುಕಿದ ರೀತಿ ಈ ಕ್ಷೇತ್ರದ ಮಾದರಿ ಪ್ರಯೋಗ. ತಾಮ್ರದ ಜಾಗದಲ್ಲಿ ಸ್ವಲ್ಪ ಸತು ಕೂತರೆ ಅತಿವಾಹಕತೆ ಕುಗ್ಗುತ್ತದೆ ಎಂಬುದು ಮೊದಲೇ ತಿಳಿದ ಸಂಗತಿ. ಒಂದು ಮಾದರಿಯಲ್ಲಿ ಸಂಧಿತಲದ ಮೊದಲ ತಾಮ್ರ-ಆಮ್ಲಜನಕ ಪದರಕ್ಕೆ ಮಾತ್ರ ಸತು ಬೆರೆಸಿದರು, ಇನ್ನೊಂದರಲ್ಲಿ ಎರಡನೆಯದಕ್ಕೆ, ಮತ್ತೊಂದರಲ್ಲಿ ಮೂರನೆಯದಕ್ಕೆ. ಸಂಕ್ರಮಣ ತಾಪ ಗಮನಾರ್ಹವಾಗಿ ಇಳಿದದ್ದು ಸತು ಅವಾಹಕದ ಕಡೆಯ ಎರಡನೆಯ ಪದರದಲ್ಲಿದ್ದಾಗ ಮಾತ್ರ. 30 ಕೆಲ್ವಿನ್ ಮೀರಿದ ಅತಿವಾಹಕತೆ ಒಂದೇ ತಾಮ್ರ-ಆಮ್ಲಜನಕ ಪದರದಲ್ಲಿ ನೆಲೆಸಬಲ್ಲದು ಎಂದು 2009ರಲ್ಲಿ ಇದರಿಂದ ಸಿದ್ಧವಾಯಿತು. ಪರಮಾಣು ಪದರವೊಂದನ್ನು ವಿಳಾಸ ಹಿಡಿದು ಪ್ರಶ್ನಿಸಿದ ಈ ಪ್ರಯೋಗದ ಸೊಗಸು, ತೆಳುಪದರ ಕಟ್ಟುವ ಕಲೆ ಎಷ್ಟು ಎತ್ತರಕ್ಕೆ ಏರಿದೆ ಎಂಬುದನ್ನೂ ಹೇಳುತ್ತದೆ.

ಒಂದೇ ವಸ್ತುವಿನ ಎರಡು ಹರಳುಗಳು ಓರೆಯಾಗಿ ಕೂಡುವ ಕಣಗಡಿಯೂ ಒಂದು ಸಂಧಿತಲವೇ. ಐಬಿಎಂನ ಡೈಮೋಸ್, ಚೌಧರಿ ಮತ್ತು ಮ್ಯಾನ್‌ಹಾರ್ಟ್ 1988ರಿಂದ ನಡೆಸಿದ ಅಧ್ಯಯನಗಳಲ್ಲಿ, ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡಿನ ಕಣಗಳ ನಡುವಣ ಕೋನ ಹೆಚ್ಚಿದಂತೆ ಗಡಿ ದಾಟಬಲ್ಲ ಅತಿವಾಹಕ ಪ್ರವಾಹ ತೀವ್ರವಾಗಿ ಕುಸಿಯಿತು. ಗಡಿಯಲ್ಲಿ ಪರಮಾಣುಗಳ ಬಂಧಗಳು ತಿರುಚಿಕೊಳ್ಳುವುದು ಒಂದು ಕಾರಣ. ಈ ವಸ್ತುವಿನಲ್ಲಿ ಜೋಡಿಗಳ ಅಲೆಯ ಚಿಹ್ನೆ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದು ಮತ್ತೊಂದು. 1994ರಲ್ಲಿ ಮೂರು ಹರಳುಗಳ ಕೂಡುಜಾಗದಲ್ಲಿ ಕಾಂತಪ್ರವಾಹದ ಅರ್ಧ ಕ್ವಾಂಟಂ ಕಂಡಾಗ ಈ ಚಿಹ್ನೆಯ ಬದಲಾವಣೆ ಖಚಿತವಾಯಿತು. ಕೆಡುಕೆಂದು ಕಂಡ ಕಣಗಡಿಯೇ ಹೀಗೆ ಮೂಲ ಸಿದ್ಧಾಂತವನ್ನು ಪರೀಕ್ಷಿಸುವ ಉಪಕರಣವಾಯಿತು.

ಕಬ್ಬಿಣದ ಸೆಲೆನೈಡ್: ಕೇಂದ್ರ ಪ್ರಶ್ನೆ

ಇಡೀ ಕ್ಷೇತ್ರದ ಗಮನ ಸೆಳೆದ ವಸ್ತು ಕಬ್ಬಿಣದ ಸೆಲೆನೈಡ್. ಇದರ ಅತಿವಾಹಕತೆ 2008ರಲ್ಲಿ ತೈವಾನಿನಲ್ಲಿ ಪತ್ತೆಯಾಯಿತು. 2012ರಲ್ಲಿ ಬೀಜಿಂಗಿನ ಸಿಂಘ್ವಾ ವಿಶ್ವವಿದ್ಯಾಲಯದ ಷುಎ ಚಿಕುನ್ ತಂಡ ಇದರ ಒಂದೇ ಏಕಕೋಶದ ಪದರವನ್ನು ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಬೆಳೆಸಿ, 20 ಮಿಲಿ ಎಲೆಕ್ಟ್ರಾನ್ ವೋಲ್ಟ್ ಗಾತ್ರದ ಅತಿವಾಹಕ ಶಕ್ತಿ ಅಂತರವನ್ನು, ಅಂದರೆ ಜೋಡಿಗಳನ್ನು ಮುರಿಯಲು ಬೇಕಾಗುವ ಶಕ್ತಿಯ ಅಳತೆಯನ್ನು, ಕಂಡುಕೊಂಡಿತು. ಗಟ್ಟಿ ವಸ್ತುವಿನಲ್ಲಿ ಕಾಣುವುದಕ್ಕಿಂತ ಇದು ಹಲವು ಪಟ್ಟು ದೊಡ್ಡದು. ಮುಂದಿನ ವರ್ಷ ದ್ಯುತಿ-ಎಲೆಕ್ಟ್ರಾನ್ ಅಳತೆಗಳಲ್ಲಿ ಈ ಅಂತರ ಮುಚ್ಚಿಕೊಳ್ಳುವ ತಾಪ 65 ಕೆಲ್ವಿನ್ ಸುಮಾರು ಎಂದು ಕಂಡಿತು. ಅದರ ಮೇಲೆಯೇ ಬೆಳೆದ ಎರಡನೆಯ ಪದರದಲ್ಲಿ ಅತಿವಾಹಕತೆಯ ಗುರುತಿಲ್ಲ! ಗ್ರಾಫೀನ್ ಮೇಲೆ ಬೆಳೆಸಿದರೆ ಪದರ ತೆಳುವಾದಷ್ಟೂ ಸಂಕ್ರಮಣ ತಾಪ ಇಳಿಯುತ್ತದೆ. ಅಂದಮೇಲೆ ಇಲ್ಲಿನ ಬಲ ಬಂದದ್ದು ಟೈಟನೇಟ್ ಸಂಧಿತಲದಿಂದ.

ಆ ಬಲ ಯಾವುದು ಎಂಬುದೇ ಚರ್ಚೆ. ಮೊದಲ ಅಂಶ ಆವೇಶ. ಬೆಳೆಸಿದ ಕೂಡಲೇ ಪದರ ಅತಿವಾಹಕವಾಗಿರುವುದಿಲ್ಲ. ನಿರ್ವಾತದಲ್ಲಿ ಹದವಾಗಿ ಕಾಯಿಸಿದಾಗ ಎಲೆಕ್ಟ್ರಾನುಗಳು ಪದರ ಸೇರುತ್ತವೆ, ಆಮೇಲೆ ಶಕ್ತಿ ಅಂತರ ತೆರೆದುಕೊಳ್ಳುತ್ತದೆ. ಗಟ್ಟಿ ವಸ್ತುವಿನಲ್ಲಿ ಇರುವ ಧನ ವಾಹಕಗಳು ಇಲ್ಲಿ ಮಾಯವಾಗಿ, ಎಲೆಕ್ಟ್ರಾನುಗಳ ಗುಂಪುಗಳು ಮಾತ್ರ ಉಳಿದಿರುತ್ತವೆ. ಸಂಧಿತಲದ ನೆರವಿಲ್ಲದೆ, ಪೊಟ್ಯಾಸಿಯಂ ಪರಮಾಣುಗಳನ್ನು ಮೇಲಿನಿಂದ ಉದುರಿಸಿ ಡೋಪ್ ಮಾಡಿದರೂ ದಪ್ಪ ಪದರಗಳ ಸಂಕ್ರಮಣ ತಾಪ 40 ಕೆಲ್ವಿನ್ ಮೀರುತ್ತದೆ. ಏರಿಕೆಯ ದೊಡ್ಡ ಪಾಲು ಆವೇಶದ್ದೇ ಎಂಬುದು ಇದರಿಂದ ತಿಳಿಯುತ್ತದೆ.

ಉಳಿದ ಪಾಲಿಗೆ ಕಂಪನದ ವಿವರಣೆಯಿದೆ. 2014ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರತಿ ಎಲೆಕ್ಟ್ರಾನ್ ಶಕ್ತಿಪಟ್ಟಿಗೂ ಸುಮಾರು 100 ಮಿಲಿ ಎಲೆಕ್ಟ್ರಾನ್ ವೋಲ್ಟ್ ಕೆಳಗೆ ಒಂದು ಮಸುಕಾದ ಪ್ರತಿರೂಪ ಇರುವುದನ್ನು ಗುರುತಿಸಿದರು. ಟೈಟನೇಟಿನ ಆಮ್ಲಜನಕ ಕಂಪನಗಳ ಶಕ್ತಿಯೂ ಅಷ್ಟೇ. ಆಧಾರ ಹರಳಿನ ಫೋನಾನುಗಳು ಸಂಧಿತಲ ದಾಟಿ ಬಂದು ಜೋಡಿಗಳನ್ನು ಬಿಗಿಗೊಳಿಸುತ್ತವೆ ಎಂದು ಅವರು ವಾದಿಸಿದರು. ಈ ಪ್ರತಿರೂಪಗಳು ಹೊರಬರುವ ಎಲೆಕ್ಟ್ರಾನುಗಳು ಮೇಲ್ಮೈ ಬಿಡುವಾಗ ಶಕ್ತಿ ಕಳೆದುಕೊಳ್ಳುವುದರಿಂದ ಬಂದವು, ಜೋಡಣೆಗೆ ಸಂಬಂಧಿಸಿದವಲ್ಲ ಎಂಬ ಎದುರುವಾದವೂ ಇದೆ.

ಪರಮಾಣು ಸೂಕ್ಷ್ಮದರ್ಶಕಗಳು ಮೂರನೆಯ ಸಂಗತಿಯನ್ನು ಬೆಳಕಿಗೆ ತಂದವು. ಸಂಧಿತಲದಲ್ಲಿ ಟೈಟಾನಿಯಂ ಆಕ್ಸೈಡಿನ ಒಂದು ಪದರದ ಬದಲು ಎರಡು ಪದರಗಳಿರುತ್ತವೆ. ಈ ಹೆಚ್ಚುವರಿ ಪದರ ಎಲೆಕ್ಟ್ರಾನುಗಳನ್ನು ಕೊಡುವುದಕ್ಕೂ, ಸೆಲೆನೈಡ್ ಎಷ್ಟು ಹತ್ತಿರ ಕೂರುತ್ತದೆ ಎಂಬುದಕ್ಕೂ ಕಾರಣವಾಗಿರಬಹುದು. ಸೆಲೆನೈಡಿನ ಜಾಲಕದ ಅಂತರ 0.377 ನ್ಯಾನೋಮೀಟರ್, ಟೈಟನೇಟಿನದು 0.3905. ಪದರ ಹಿಗ್ಗುವುದು ಸಹಜ, ಆದರೆ ಎಳೆತವೊಂದರಿಂದಲೇ ಇಷ್ಟು ದೊಡ್ಡ ಏರಿಕೆ ಬರುವುದಿಲ್ಲ ಎಂಬ ಅಭಿಪ್ರಾಯ ಈಗ ಬಲವಾಗಿದೆ.

ಶಕ್ತಿ ಅಂತರ ಮುಚ್ಚುವ ತಾಪವೂ ರೋಧ ಶೂನ್ಯವಾಗುವ ತಾಪವೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಗಾಳಿಯಿಂದ ರಕ್ಷಿಸಲು ಮೇಲೆ ಮುಚ್ಚಳ ಪದರ ಹಾಕಿ ರೋಧ ಅಳೆದಾಗ ಶೂನ್ಯ ಸಿಗುವುದು ಸಾಮಾನ್ಯವಾಗಿ 65 ಕೆಲ್ವಿನ್‌ಗಿಂತ ಬಹಳ ಕೆಳಗೆ. ನಿರ್ವಾತದೊಳಗೇ ಅಳೆದು 100 ಕೆಲ್ವಿನ್ ಮೀರಿದ ತಾಪವನ್ನು ಹೇಳಿದ 2015ರ ವರದಿಗೆ ಸರ್ವಸಮ್ಮತಿ ದೊರೆತಿಲ್ಲ.

ನಿಕಲೇಟುಗಳು

2019ರಲ್ಲಿ ಹ್ವಾಂಗ್ ತಂಡವೇ ಸ್ಟ್ರಾನ್ಷಿಯಂ ಬೆರೆತ ನಿಯೋಡಿಮಿಯಂ ನಿಕಲೇಟ್ ತೆಳುಪದರದಲ್ಲಿ 9ರಿಂದ 15 ಕೆಲ್ವಿನ್‌ನ ಅತಿವಾಹಕತೆಯನ್ನು ಕಂಡಿತು. ಗಟ್ಟಿ ಮಾದರಿಗಳಲ್ಲಿ ಅದು ಕಾಣದಿದ್ದಾಗ, ಇದೂ ಸಂಧಿತಲದ ಕೊಡುಗೆಯೇ ಎಂಬ ಸಂದೇಹ ಹುಟ್ಟಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಂಧಿತಲವನ್ನು ಪರಮಾಣು ಮಟ್ಟದಲ್ಲಿ ನೋಡಿದ 2023ರ ಅಧ್ಯಯನ, ಟೈಟಾನಿಯಂ ಮತ್ತು ನಿಕಲ್ ಬೆರೆತ ಒಂದೇ ಮಧ್ಯಂತರ ಪದರ ಅಲ್ಲಿ ರೂಪುಗೊಂಡು ಆವೇಶದ ಅಸಮತೋಲವನ್ನು ಸರಿಪಡಿಸುವುದನ್ನು ತೋರಿಸಿತು. ಆವೇಶ ಹೀಗೆ ಅಲ್ಲೇ ತೀರಿಹೋಗುವುದರಿಂದ, ಅತಿವಾಹಕತೆ ನಿಕಲೇಟಿನ ಒಡಲಿನದೇ ಎಂಬ ನಿಲುವಿಗೆ ಬಲ ಬಂತು. ಪರಮಾಣು ರಚನೆಯ ಅರಿವು ಸಂಧಿತಲದ ಪರವಾಗಿ ಮಾತ್ರವಲ್ಲ, ಅದರ ವಿರುದ್ಧವೂ ತೀರ್ಪು ಕೊಡಬಲ್ಲದು.

ಲ್ಯಾಂಥನಂ ನಿಕಲೇಟಿನ ಎರಡು-ಪದರದ ರೂಪ ಅಗಾಧ ಒತ್ತಡದಲ್ಲಿ 80 ಕೆಲ್ವಿನ್ ಹತ್ತಿರ ಅತಿವಾಹಕವಾಗುತ್ತದೆಂದು 2023ರಲ್ಲಿ ತಿಳಿಯಿತು. ಅದನ್ನು ಕುಗ್ಗಿಸುವ ಆಧಾರ ಹರಳಿನ ಮೇಲೆ ತೆಳುಪದರವಾಗಿ ಬೆಳೆಸಿದಾಗ, ಹೊರಗಿನ ಒತ್ತಡವಿಲ್ಲದೆಯೇ 40 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕತೆ ಶುರುವಾಗುವುದು ಮರುವರ್ಷವೇ ವರದಿಯಾಯಿತು. ಒತ್ತಡದ ಯಂತ್ರ ಮಾಡುವ ಕೆಲಸದ ಒಂದು ಭಾಗವನ್ನು ಇಲ್ಲಿ ಸಂಧಿತಲ ಮಾಡುತ್ತದೆ.

ತಯಾರಿಕೆ ಮತ್ತು ವೀಕ್ಷಣೆ

ಒಳ್ಳೆಯ ಸಂಧಿತಲ ಶುರುವಾಗುವುದು ಆಧಾರ ಹರಳನ್ನು ಸಜ್ಜುಗೊಳಿಸುವುದರಿಂದ. ಕತ್ತರಿಸಿ ಹೊಳಪು ಕೊಟ್ಟ ಸ್ಟ್ರಾನ್ಷಿಯಂ ಟೈಟನೇಟಿನ ಮೇಲ್ಮೈಯಲ್ಲಿ ಟೈಟಾನಿಯಂ ಆಕ್ಸೈಡ್, ಸ್ಟ್ರಾನ್ಷಿಯಂ ಆಕ್ಸೈಡ್ ಎರಡೂ ಬಗೆಯ ಪದರಗಳು ತುಂಡುತುಂಡಾಗಿ ಬೆರೆತಿರುತ್ತವೆ. ಅದನ್ನು ಮೊದಲು ಶುದ್ಧ ನೀರಿನಲ್ಲಿ ಶಬ್ದಾತೀತ ಕಂಪನಕ್ಕೆ ಒಡ್ಡುತ್ತಾರೆ. ನೀರು ತಾಗಿದ ಸ್ಟ್ರಾನ್ಷಿಯಂ ಆಕ್ಸೈಡ್ ಹೈಡ್ರಾಕ್ಸೈಡ್ ಆಗುತ್ತದೆ. ಆಮೇಲೆ ಬಫರ್ ಮಾಡಿದ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಅದಷ್ಟೇ ಕರಗಿ, ಟೈಟಾನಿಯಂ ಆಕ್ಸೈಡ್ ಉಳಿಯುತ್ತದೆ. ಕೊನೆಗೆ ಆಮ್ಲಜನಕದಲ್ಲಿ ಕಾಯಿಸಿದಾಗ ಪರಮಾಣುಗಳು ಸರಿದು, 0.39 ನ್ಯಾನೋಮೀಟರ್ ಎತ್ತರದ ನೇರ ಮೆಟ್ಟಿಲುಗಳಾಗಿ ಅಣಿಗೊಳ್ಳುತ್ತವೆ. ಆಮ್ಲದ ಈ ವಿಧಾನವನ್ನು 1994ರಲ್ಲಿ ಜಪಾನಿನ ಮಸಾಶಿ ಕವಾಸಾಕಿ ಮತ್ತು ಸಂಗಡಿಗರು ರೂಪಿಸಿದರು. ಆಕ್ಸೈಡ್ ಸಂಧಿತಲಗಳ ಮುಂದಿನ ಸಾಧನೆಗಳೆಲ್ಲ ಇಂಥ ತಾಳ್ಮೆಯ ಕೆಲಸದ ಮೇಲೆ ನಿಂತಿವೆ.

ಪದರ ಬೆಳೆಸಲು ಮುಖ್ಯವಾಗಿ ಎರಡು ವಿಧಾನಗಳಿವೆ. ಅಣುಕಿರಣ ವಿಧಾನದಲ್ಲಿ ಅತ್ಯುಚ್ಚ ನಿರ್ವಾತದೊಳಗೆ ಧಾತುಗಳ ಆವಿಯನ್ನು ಹರಳಿನತ್ತ ಹರಿಸುತ್ತಾರೆ. ಲೇಸರ್ ವಿಧಾನದಲ್ಲಿ ಮೂಲವಸ್ತುವಿನ ಬಿಲ್ಲೆಗೆ ಲೇಸರ್ ಮಿಡಿತಗಳನ್ನು ಹೊಡೆದು ಆವಿ ಎಬ್ಬಿಸುತ್ತಾರೆ. ಬೆಳೆಯುತ್ತಿರುವ ಮೇಲ್ಮೈಗೆ ಎಲೆಕ್ಟ್ರಾನ್ ಕಿರಣವನ್ನು ಓರೆಯಾಗಿ ತಾಗಿಸಿದರೆ ಪ್ರತಿಫಲಿತ ಕಿರಣದ ಪ್ರಖರತೆ ಒಂದೊಂದು ಪದರ ತುಂಬಿದಾಗಲೂ ಏರಿಳಿಯುತ್ತದೆ. ಪದರಗಳನ್ನು ಎಣಿಸುವುದು ಹೀಗೆ. ಬೆಳೆದ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪರಮಾಣುಗಳ ಸ್ಥಾನವನ್ನು, ಎಲೆಕ್ಟ್ರಾನ್ ಶಕ್ತಿನಷ್ಟದ ಅಳತೆ ಅವುಗಳ ಆವೇಶ ಸ್ಥಿತಿಯನ್ನು, ಕ್ಷ-ಕಿರಣ ವಿವರ್ತನೆ ಹೂತುಹೋದ ಸಂಧಿತಲದ ಎಳೆತವನ್ನು ತಿಳಿಸುತ್ತವೆ.

ಉಪಯೋಗಗಳು

ಅಧಿಕ ತಾಪದ ಅತಿವಾಹಕ ಟೇಪುಗಳು ಕಣಗಡಿಯ ಪಾಠದ ನೇರ ಫಲ. ಲೋಹದ ಪಟ್ಟಿಯ ಮೇಲೆ ಮೊದಲು ದಿಕ್ಕು ಸರಿಹೊಂದಿಸಿದ ಆಕ್ಸೈಡ್ ಪದರಗಳನ್ನು ಕೂರಿಸಿ, ಅವುಗಳ ಮೇಲೆ ಅತಿವಾಹಕವನ್ನು ಬೆಳೆಸುತ್ತಾರೆ. ಕಣಗಳ ನಡುವಣ ಕೋನ ಕೆಲವೇ ಡಿಗ್ರಿಗಳಲ್ಲಿ ಉಳಿಯುವುದರಿಂದ ದೊಡ್ಡ ಪ್ರವಾಹ ಸಾಗುತ್ತದೆ. ಅತಿ ಸೂಕ್ಷ್ಮ ಕಾಂತಕ್ಷೇತ್ರಗಳನ್ನು ಅಳೆಯುವ ಸ್ಕ್ವಿಡ್ ಸಾಧನಗಳಲ್ಲಿ ಕಣಗಡಿಯನ್ನೇ ಜೋಸೆಫ್ಸನ್ ಸಂಧಿಯಾಗಿ ಬಳಸುವುದುಂಟು.

ಕ್ವಾಂಟಂ ಕಂಪ್ಯೂಟರುಗಳಲ್ಲಿ ಸಂಧಿತಲ ಇನ್ನೊಂದು ಬಗೆಯ ಸವಾಲು ಒಡ್ಡುತ್ತದೆ. ಅವುಗಳಲ್ಲಿ ಮಾಹಿತಿಯ ಮೂಲ ಘಟಕಗಳಾದ ಅತಿವಾಹಕ ಕ್ಯೂಬಿಟ್‌ಗಳನ್ನು ಬಹುಮಟ್ಟಿಗೆ ಅಲ್ಯೂಮಿನಿಯಂ ಮತ್ತು ನಯೋಬಿಯಂ ತೆಳುಪದರಗಳಿಂದ ಕಟ್ಟುತ್ತಾರೆ. ಲೋಹ, ಅದರ ಮೇಲಿನ ಆಕ್ಸೈಡ್ ಮತ್ತು ಆಧಾರ ಹರಳು ಕೂಡುವ ಕಡೆ ನೆಲೆತಪ್ಪಿದ ಪರಮಾಣುಗಳು ಶಕ್ತಿಯನ್ನು ಹೀರಿ ಕ್ವಾಂಟಂ ಸ್ಥಿತಿಯನ್ನು ಕೆಡಿಸುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನಯೋಬಿಯಂ ಬದಲು ಟ್ಯಾಂಟಲಂ ಬಳಸಿ, ಕ್ಯೂಬಿಟ್ ಸ್ಥಿತಿಯ ಆಯುಷ್ಯವನ್ನು 0.3 ಮಿಲಿಸೆಕೆಂಡಿನಾಚೆಗೆ ಒಯ್ದದ್ದನ್ನು 2021ರಲ್ಲಿ ಪ್ರಕಟಿಸಿದರು. ಟ್ಯಾಂಟಲಂ ಮೇಲೆ ಕೂರುವ ಆಕ್ಸೈಡ್ ಹೆಚ್ಚು ಅಚ್ಚುಕಟ್ಟು.

ಉಳಿದಿರುವ ಪ್ರಶ್ನೆಗಳು

ಆವೇಶ, ಎಳೆತ ಮತ್ತು ಕಂಪನಗಳ ಪಾಲನ್ನು ಒಂದೇ ಸಂಧಿತಲದಲ್ಲಿ ಬೇರ್ಪಡಿಸಿ ಅಳೆಯುವುದು ಮೊದಲ ಸವಾಲು. ಎರಡನೆಯದು ಊಹೆಯ ಸಾಮರ್ಥ್ಯ: ಈವರೆಗಿನ ದೊಡ್ಡ ಶೋಧಗಳಲ್ಲಿ ಹೆಚ್ಚಿನವು ಪ್ರಯೋಗದಲ್ಲಿ ಮೊದಲು ಕಂಡು ಆಮೇಲೆ ವಿವರಣೆ ಪಡೆದಂಥವು. ಬೇಕಾದ ಕಂಪನವಿರುವ ಆಧಾರ ಹರಳನ್ನೂ ಬೇಕಾದಷ್ಟು ಆವೇಶ ಪಡೆಯುವ ಪದರವನ್ನೂ ಲೆಕ್ಕಹಾಕಿ ಜೋಡಿಸಿ, ಹೇಳಿದ ತಾಪದಲ್ಲೇ ಅತಿವಾಹಕತೆ ತರುವುದು ಇನ್ನೂ ಆಗಬೇಕಿದೆ. ಮೂರನೆಯದು ಅಳತೆಯ ಶಿಸ್ತು. ಪರಮಾಣುಗಳ ಚಿತ್ರ ಒಂದು ಮಾದರಿಯದು, ರೋಧದ ಅಳತೆ ಇನ್ನೊಂದರದು ಎಂಬಂತಾದರೆ ಎರಡನ್ನೂ ಜೋಡಿಸಿ ಹೇಳುವ ಮಾತಿಗೆ ಬಲವಿರುವುದಿಲ್ಲ. ಒಂದು ಪರಮಾಣು ಪದರ ಬದಲಾದರೆ ಅವಾಹಕ ಅತಿವಾಹಕವಾಗುವ ಕ್ಷೇತ್ರವಿದು. ಸಂಧಿತಲದ ರಚನೆಯನ್ನು ತಿಳಿಸದೆ ತೆಳುಪದರದ ಸಂಕ್ರಮಣ ತಾಪವನ್ನಷ್ಟೇ ಹೇಳಿದರೆ, ಯಾವ ವಸ್ತುವನ್ನು ಅಳೆದದ್ದು ಎಂಬ ಪ್ರಶ್ನೆಗೇ ಉತ್ತರ ಸಿಕ್ಕಿರುವುದಿಲ್ಲ.